ರಟ್ಟಕ್ಕ ನಿಲ್ಲಿಸಿದ ಗೋಡೆಗಳು

ನಮ್ಮ ವಿಶ್ವವಿದ್ಯಾಲಯದಲ್ಲಿ ಆಕೆಯ ನಿಜವಾದ ಹೆಸರು ಹಿಡಿದು ಕೇಳಿದರೆ ಯಾರಿಗೂ ಗುರುತು ಹತ್ತುವುದಿಲ್ಲ. ರಟ್ಟಕ್ಕ ಅಂದು ನೋಡಿ, ಗೇಟಿನವರಿಂದ ಹಿಡಿದು ರಿಜಿಸ್ಟ್ರಾರ್ ತನಕ ಎಲ್ಲರೂ ಗ್ರಂಥಾಲಯದ ಹಿಂದಿನ ಉದ್ದನೆ ಶೆಡ್ಡಿನ ಕಡೆ ಬೆರಳು ತೋರಿಸುತ್ತಾರೆ. ಕೈಗೆ ಒಂದು ಚೂರು ರಟ್ಟು ಸಿಕ್ಕರೆ ಸಾಕು, ಮಾತಾಡುತ್ತಾ ಮಾತಾಡುತ್ತಾ ಅದನ್ನು ಮಡಚಿ ಕುರ್ಚಿಯನ್ನೋ ಕಪಾಟನ್ನೋ ಮಾಡಿಟ್ಟುಬಿಡುತ್ತಾರೆ. ಅವರು ಬಂದ ಮೀಟಿಂಗಿನಲ್ಲಿ ಬಿಸ್ಕತ್ತು ಉಳಿಯಬಹುದು, ಬಿಸ್ಕತ್ತಿನ ಪೆಟ್ಟಿಗೆ ಉಳಿಯುವುದಿಲ್ಲ. ನನಗಂತೂ ಅವರನ್ನು ಕಂಡರೆ ಪ್ರಾಣ. ನಾನೊಬ್ಬಳೇ ಅಲ್ಲ, ಒಮ್ಮೆಯಾದರೂ ವಿಭಾಗದ ಸ್ಟಾಲ್ ಹಾಕಿದ ಯಾವ ವಿದ್ಯಾರ್ಥಿಯನ್ನು ಬೇಕಾದರೂ ಕೇಳಿ.

ಅವರ ಕೆಲಸವೇ ಅದು, ಪ್ರದರ್ಶನಕ್ಕೆ ಸ್ಟಾಲ್ ಮಾಡಿಕೊಡುವುದು. ವಿಜ್ಞಾನ ಸಪ್ತಾಹ, ಪುಸ್ತಕ ಪ್ರದರ್ಶನ, ಘಟಿಕೋತ್ಸವದ ಫೋಟೋ ಗ್ಯಾಲರಿ, ಹೀಗೆ ಒಂದಲ್ಲ ಒಂದು ಇದ್ದೇ ಇರುತ್ತಿತ್ತು. ಪ್ರತಿಸಲವೂ ಹೊಸ ಪ್ಲೈವುಡ್, ಹೊಸ ರೀಪರ್ ಪಟ್ಟಿ, ಹೊಸ ಬಣ್ಣ. ಡ್ರಾಯಿಂಗ್ ರಟ್ಟಕ್ಕನದು, ಮರಗೆಲಸ ಉಳಿಯಣ್ಣನದು. ಉಳಿಯಣ್ಣ ಅಂದರೆ ವಿಶ್ವವಿದ್ಯಾಲಯದ ಬಡಗಿ. ಕಿವಿಯ ಮೇಲೆ ಪೆನ್ಸಿಲ್, ಬಾಯಲ್ಲಿ ಮೊಳೆ. ಆ ಮೊಳೆಗಳ ನಡುವಿನಿಂದಲೇ ರಟ್ಟಕ್ಕನನ್ನು ರೇಗಿಸುತ್ತಿದ್ದರು. ನಿನ್ನ ಗೆರೆ ಕಾಗದದ ಮೇಲೆ ಚೆನ್ನಾಗಿ ನಿಂತುಕೊಳ್ಳುತ್ತೆ, ನನ್ನ ಹಲಗೆಗೆ ಮಾತ್ರ ಕಾಲು ಬೇಕು ಅನ್ನುತ್ತಿದ್ದರು. ಇವರು ಸುಮ್ಮನಿರುವವರಲ್ಲ. ನಿಮ್ಮ ಗರಗಸ ನನ್ನ ಗೆರೆ ಬಿಟ್ಟು ಓಡಿಹೋಗುತ್ತೆ, ಅದಕ್ಕೆ ಮೊದಲು ಮೂಗುದಾರ ಹಾಕಿ ಅನ್ನುತ್ತಿದ್ದರು. ಪ್ರದರ್ಶನದ ಹಿಂದಿನ ದಿನವಂತೂ ಶೆಡ್ಡಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಸಸ್ಯಶಾಸ್ತ್ರದವರು ಬಂದು ನಮ್ಮ ಶೆಲ್ಫ್ ಎಲ್ಲಿ ಅನ್ನುವುದು, ಇತಿಹಾಸದವರು ನಮಗಿನ್ನೂ ಬಣ್ಣವೇ ಆಗಿಲ್ಲ ಅನ್ನುವುದು, ಯಾರೋ ಟೀ ತರುವುದು, ಇನ್ಯಾರೋ ಆ ಟೀ ಬಣ್ಣದ ಡಬ್ಬಿಗೆ ಚೆಲ್ಲುವುದು. ಪ್ರದರ್ಶನ ಮುಗಿದ ಮೇಲೆ ಎಲ್ಲವನ್ನೂ ಕಿತ್ತು ಹಿತ್ತಲಲ್ಲಿ ರಾಶಿ ಹಾಕುತ್ತಿದ್ದರು. ಮುಂದಿನ ಸಲ ಮತ್ತೆ ಮೊದಲಿನಿಂದ.

ಉಳಿಯಣ್ಣ ನಿವೃತ್ತರಾದರು. ಹಾರ ಹಾಕಿದ್ದಾಯಿತು, ಫೋಟೋ ತೆಗೆದದ್ದಾಯಿತು. ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಶೆಡ್ಡಿನಲ್ಲಿ ಉಳಿದದ್ದು ರಟ್ಟಕ್ಕ, ಕೆಲಸದ ಮೇಜು, ಆಮೇಲೆ ಬಾಗಿಲು ಸರಿಯಾಗಿ ಮುಚ್ಚದ ಒಂದು ಕಬ್ಬಿಣದ ಬೀರು.

ಅದಾಗಿ ವರ್ಷ ಕಳೆಯುವುದರೊಳಗೆ ರಿಜಿಸ್ಟ್ರಾರ್ ಕರೆಸಿದರು. ಒಳ್ಳೆಯ ಮನುಷ್ಯ, ಜೋರಾಗಿ ಮಾತಾಡಿದವರಲ್ಲ. ಹಿತ್ತಲಿನ ರಾಶಿ ಇನ್ನು ಬೆಳೆಯಕೂಡದು, ಒಂದೇ ಸಲ ಮಾಡಿ ವರ್ಷವರ್ಷವೂ ಎಲ್ಲ ವಿಭಾಗದವರೂ ಬಳಸುವಂಥ ಸ್ಟಾಲ್ ಬೇಕು, ಬಿಚ್ಚಬೇಕು, ಜೋಡಿಸಬೇಕು, ಹೇಗೆ ಬೇಕಾದರೂ ತಿರುಗಿಸಿಕೊಳ್ಳಬೇಕು ಅಂದರು. ವಿಭಾಗಗಳಲ್ಲಿ ಆಳುಕಾಳು ಇಲ್ಲ, ಹಾಗಾಗಿ ಒಬ್ಬರೇ ನಿಲ್ಲಿಸುವಂತಿರಬೇಕು ಅಂತಲೂ ಅಂದರು. ಅಂಥದ್ದನ್ನು ತಯಾರಿಸುವ ಒಂದು ಕಂಪನಿಯವರು ಆಗಲೇ ಬಂದು ಮಾತಾಡಿ ಹೋಗಿದ್ದರು. ರಟ್ಟಕ್ಕ ಮಾಡಿಕೊಟ್ಟರೆ ಶೆಡ್ ಶೆಡ್ಡಾಗಿಯೇ ಇರುತ್ತದೆ, ಆ ಸ್ಟಾಲುಗಳೂ ಅವರ ಸುಪರ್ದಿಗೇ ಬರುತ್ತವೆ. ಇಲ್ಲವಾದರೆ ಕಂಪನಿಯ ಮಾಲು ಬರುತ್ತದೆ, ಶೆಡ್ ಹಳೆಯ ಉತ್ತರಪತ್ರಿಕೆಗಳ ಗೋದಾಮಾಗುತ್ತದೆ, ರಟ್ಟಕ್ಕ ಪರೀಕ್ಷಾ ವಿಭಾಗದ ಒಂದು ಮೇಜಿಗೆ ಹೋಗಬೇಕಾಗುತ್ತದೆ.

"ಹೆದರಿಸ್ತಾ ಇಲ್ಲಮ್ಮ," ಅಂದರಂತೆ ರಿಜಿಸ್ಟ್ರಾರ್. "ಇರೋದನ್ನ ಹೇಳ್ದೆ."

ಪರೀಕ್ಷಾ ವಿಭಾಗ ಅಂದರೆ ರಟ್ಟಕ್ಕನಿಗೆ ಆಗದು. ಅಲ್ಲಿ ಯಾರೂ ತಲೆ ಎತ್ತುವುದಿಲ್ಲ, ಮಡಚಲು ರಟ್ಟೂ ಸಿಗುವುದಿಲ್ಲ. ಆದರೆ ನಿಜವಾದ ವಿಷಯ ಬೇರೆ. ಆ ಶೆಡ್ ಬಿಟ್ಟರೆ ಅವರಿಗೆ ಹೋಗಲು ಇನ್ನೊಂದು ಜಾಗವೇ ಇರಲಿಲ್ಲ. ಮದುವೆಯಾದವರಲ್ಲ. ಅಮ್ಮ ತೀರಿಕೊಂಡ ಮೇಲೆ ಬಸ್ ನಿಲ್ದಾಣದ ಹತ್ತಿರ ಒಂದು ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದರು. ಒಂದು ಮಂಚ, ಒಂದು ಒಲೆ, ಕಿಟಕಿಯ ಪಕ್ಕ ಊಟಕ್ಕೂ ಕೆಲಸಕ್ಕೂ ಒಂದೇ ಮೇಜು. ಭಾನುವಾರ ತಮ್ಮನ ಫೋನ್ ಬರುತ್ತಿತ್ತು. ಊಟ ಆಯ್ತಾ, ಆಯ್ತು. ಹುಷಾರಾಗಿದೀಯಾ, ಇದೀನಿ. ಅಷ್ಟರಲ್ಲಿ ತಮ್ಮನ ಹೆಂಡತಿ ಫೋನ್ ಕಿತ್ತುಕೊಂಡು, ನಿಮ್ಮ ಮನೆಗೆ ಬಂದರೆ ಮೊದಲು ರಟ್ಟನ್ನ ಎಬ್ಬಿಸಿ ಆಮೇಲೆ ನಾವು ಕೂತ್ಕೋಬೇಕಲ್ಲ ಅತ್ತಿಗೆ ಅಂತ ನಗುತ್ತಿದ್ದಳು. ಇವರೂ ನಗುತ್ತಿದ್ದರು. ತಮ್ಮನ ಮನೆಯವರು ಕೊನೆಯ ಸಲ ಬಂದದ್ದು ಯಾವಾಗ ಅಂತ ಇಬ್ಬರಿಗೂ ನೆನಪಿರಲಿಲ್ಲ.

ಆ ಮೇಜಿನ ಮೇಲೆ ಪುಟ್ಟ ಸ್ಟಾಲುಗಳು ಹುಟ್ಟತೊಡಗಿದವು. ಅಂಗೈಯಗಲದ ರಟ್ಟಿನ ಗೋಡೆಗಳು, ಬೆಂಕಿಪೊಟ್ಟಣದ ಶೆಲ್ಫುಗಳು. ಪಕ್ಕದಲ್ಲಿ ಅನ್ನದ ತಟ್ಟೆ ಆರಿಹೋಗುತ್ತಿತ್ತು. ಯೋಚನೆ ಸರಳವಾಗಿತ್ತು. ಎಲ್ಲದಕ್ಕೂ ಮೂಲ ಒಂದೇ ಅಳತೆಯ ಪ್ಯಾನಲ್, ಅಂದರೆ ಹಗುರ ಚೌಕಟ್ಟಿನ ಒಂದು ಹಲಗೆ, ಆಳಿಗಿಂತ ತುಸು ಎತ್ತರ, ಯಾವ ಬಾಗಿಲಲ್ಲಾದರೂ ತೂರುವಷ್ಟು ಅಗಲ. ಒಂದು ಅಂಚಿಗೆ ಕೊಕ್ಕೆ, ಇನ್ನೊಂದು ಅಂಚಿಗೆ ಕಿಂಡಿ. ಒಂದರ ಕೊಕ್ಕೆಯನ್ನು ಇನ್ನೊಂದರ ಕಿಂಡಿಗೆ ತೂರಿಸಿ ಕೆಳಗಿಳಿಸಿದರೆ ಎರಡೂ ಮೂಲೆಯಾಗಿ ನಿಂತವು. ಮೂರನೆಯದು ಸೇರಿದರೆ ಗೂಡು, ಸಾಲಾಗಿ ಅಂಕುಡೊಂಕಾಗಿ ಸೇರಿದರೆ ಉದ್ದನೆ ಗೋಡೆ. ಮೊಳೆಯಿಲ್ಲ, ಸ್ಕ್ರೂ ಇಲ್ಲ. ಶೆಲ್ಫನ್ನೂ ಗಾಜಿನ ಪೆಟ್ಟಿಗೆಯನ್ನೂ ಅದೇ ಕಿಂಡಿಗೆ ತಗುಲಿಸಬಹುದು. ನೆಲದಲ್ಲಿ ಒಂದು ಪ್ಯಾನಲ್ ಇನ್ನೊಂದನ್ನು ಹಿಡಿದು ನಿಲ್ಲುವುದರಿಂದ ಬೇರೆ ಕಾಲು ಬೇಡ. ಕಾಲೇ ಇಲ್ಲದ್ದರಿಂದ ಗೋದಾಮಿನಲ್ಲಿ ಪುಸ್ತಕದ ಹಾಗೆ ಒತ್ತೊತ್ತಾಗಿ ಜೋಡಿಸಬಹುದು.

ವಿಭಾಗದವರ ಬೇಡಿಕೆ ಕೇಳಲು ಹೋದಾಗ ಮಾತ್ರ ಅವರ ತಲೆ ಗಿರ್ರೆಂದಿತು. ಸಸ್ಯಶಾಸ್ತ್ರದವರಿಗೆ ಹಸಿರು ಬೇಕು. ಭೂಗರ್ಭದವರಿಗೆ ಬಂಡೆ ಇಟ್ಟರೂ ಬಗ್ಗದ ಶೆಲ್ಫ್ ಬೇಕು. ಒಬ್ಬ ಗಣಿತದ ಮೇಷ್ಟ್ರು ತಮಗೆ ಏನೂ ಬೇಡ, ಬಂದವರು ಕೂತುಕೊಂಡು ಯೋಚಿಸಲು ಒಂದು ಬೆಂಚು ಇದ್ದರೆ ಸಾಕು ಅಂದರು. ರಟ್ಟಕ್ಕ ಎಲ್ಲವನ್ನೂ ಕೇಳಿ ಕೊನೆಗೆ ಪ್ಯಾನಲ್ಲಿಗೆ ಬೂದಿ ಬಣ್ಣ ಹಚ್ಚಿದರು. ಯಾರಿಗೂ ಇಷ್ಟವಾಗದ ಬಣ್ಣವಾದ್ದರಿಂದ ಯಾರೂ ಜಗಳ ಆಡಲಿಲ್ಲ.

ಮರಗೆಲಸವನ್ನೂ ಅವರೇ ಮಾಡಿದರು. ಇಷ್ಟು ವರ್ಷ ನೋಡಿ ನೋಡಿ ಕೈ ಕಲಿತಿತ್ತು. ಮೊದಲ ಪ್ಯಾನಲ್ಲುಗಳು ಸಿದ್ಧವಾದ ಮೇಲೆ ದಿನಾ ಬೆಳಿಗ್ಗೆ ಬಾಗಿಲು ತೆಗೆದವರೇ ಅವನ್ನು ನಿಲ್ಲಿಸುವುದು, ಬಿಚ್ಚುವುದು, ಮತ್ತೆ ನಿಲ್ಲಿಸುವುದು. ಕೊಕ್ಕೆ ಬಿಗಿಯಾದರೆ ಉಜ್ಜುವುದು, ಸಡಿಲವಾದರೆ ಬದಲಿಸುವುದು. ಕಣ್ಣು ಮುಚ್ಚಿಕೊಂಡು ನಿಲ್ಲಿಸಿಬಿಡುತ್ತೇನೆ ಅನ್ನುವಷ್ಟು ಅಭ್ಯಾಸವಾಯಿತು. ದಾರಿಯಲ್ಲಿ ರಿಜಿಸ್ಟ್ರಾರ್ ಸಿಕ್ಕಾಗ, ಒಬ್ಬರೇ ಸಾಕು ಸರ್, ನಾನೇ ದಿನಾ ಒಬ್ಬಳೇ ನಿಲ್ಲಿಸ್ತೀನಿ ಅಂತ ಹೆಮ್ಮೆಯಿಂದ ಹೇಳಿದರು. ಸುಳ್ಳಲ್ಲ, ಹೌದು. ಯಾರಾದರೂ ಬಂದು ಒಂದು ಸಲ ನಿಲ್ಲಿಸಿ ನೋಡಿ ಅಂತ ಕರೆಯಬಹುದಿತ್ತು. ಆದರೆ ಕರೆಯಲು ಯಾರಿದ್ದರು? ಹೊಸ ಸ್ಟಾಲಿಗೆ ಅಂತ ಹಳೆಯ ಕೆಲಸವನ್ನೆಲ್ಲ ನಿಲ್ಲಿಸಿದ್ದರಿಂದ ಶೆಡ್ಡಿನ ಕಡೆ ತಲೆ ಹಾಕುವವರೇ ಇರಲಿಲ್ಲ.

ತೋರಿಸುವ ದಿನ ಬಂತು. ದೊಡ್ಡ ಸಭಾಂಗಣದಲ್ಲಿ ಕುರ್ಚಿಗಳನ್ನೆಲ್ಲ ತೆಗೆದು ನೆಲ ಖಾಲಿ ಮಾಡಿದ್ದರು. ಒಂದು ಕಡೆ ರಿಜಿಸ್ಟ್ರಾರ್, ಅವರ ಪಕ್ಕ ಭೌತಶಾಸ್ತ್ರದ ಪ್ರೊಫೆಸರ್, ಇನ್ನೂ ಕೆಲವರು ಕೂತರು. ಭೌತಶಾಸ್ತ್ರದವರು ತಮಾಷೆಯ ಮನುಷ್ಯ, ಬಿದ್ದರೆ ನಮ್ಮ ವಿಭಾಗಕ್ಕೇ ಉದಾಹರಣೆಯಾಗುತ್ತೆ, ಧೈರ್ಯವಾಗಿ ಮಾಡಿ ಅಂದರು. ರಟ್ಟಕ್ಕ ಒಳ್ಳೆಯ ಸೀರೆ ಉಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದರು. ಮೊದಲ ಪ್ಯಾನಲ್ ಎತ್ತಿದರು. ಸಭಾಂಗಣದ ನಟ್ಟನಡುವೆ ತಂದು ನೆಟ್ಟಗೆ ನಿಲ್ಲಿಸಿದರು. ಎರಡನೆಯದನ್ನು ತೆಗೆದುಕೊಳ್ಳಲು ತಿರುಗಬೇಕು. ತಿರುಗಲು ಆಗಲಿಲ್ಲ.

ಕೈ ಬಿಟ್ಟರೆ ಪ್ಯಾನಲ್ ಬೀಳುತ್ತದೆ.

ಶೆಡ್ಡಿನಲ್ಲಿ ಏನಾಗುತ್ತಿತ್ತು ಅನ್ನುವುದು ಅವರಿಗೆ ಆಗ ಹೊಳೆಯಿತು. ಅಲ್ಲಿ ಮೊದಲ ಪ್ಯಾನಲ್ಲನ್ನು ದಿನಾ ಆ ಕಬ್ಬಿಣದ ಬೀರುವಿಗೆ ಒರಗಿಸುತ್ತಿದ್ದರು. ಒರಗಿಸಿ, ಎರಡನೆಯದನ್ನು ತಂದು, ಕೊಕ್ಕೆ ಹಾಕಿ, ಆಮೇಲೆ ಎರಡನ್ನೂ ಸೇರಿಸಿ ಈಚೆಗೆ ಎಳೆದುಕೊಳ್ಳುತ್ತಿದ್ದರು. ಬೀರು ಯಾವಾಗಲೂ ಅಲ್ಲೇ ಇದ್ದದ್ದರಿಂದ ಅದೂ ಕೆಲಸ ಮಾಡುತ್ತಿದೆ ಅಂತ ಒಂದು ದಿನವೂ ಅನ್ನಿಸಿರಲಿಲ್ಲ. ಇಲ್ಲಿ ಬೀರು ಇಲ್ಲ, ಹತ್ತಿರ ಗೋಡೆಯಿಲ್ಲ, ಸುತ್ತ ನುಣ್ಣನೆಯ ನೆಲ ಮಾತ್ರ. ಅವರು ಎರಡು ಕೈಯಲ್ಲಿ ಪ್ಯಾನಲ್ ಹಿಡಿದುಕೊಂಡು ನಿಂತೇ ಇದ್ದರು. ಎದುರಿಗೆ ಕೂತವರು ಅದು ಕೆಲಸದ ಒಂದು ಭಾಗವೇ ಇರಬೇಕು ಅಂದುಕೊಂಡು ಕಾದರು. ಎರಡನೆಯ ಪ್ಯಾನಲ್ ನೆಲದ ಮೇಲಿತ್ತು, ಕಾಲು ಚಾಚಿದರೂ ಸಿಗುವಂತಿರಲಿಲ್ಲ.

ಆಗ ಬಾಯಿಂದ ತಾನಾಗಿಯೇ ಬಂದುಬಿಟ್ಟಿತು. ಹಿಂದಕ್ಕೆ ತಿರುಗದೆ, ತೀರಾ ಮಾಮೂಲಿ ದನಿಯಲ್ಲಿ, "ಉಳಿಯಣ್ಣ, ಸ್ವಲ್ಪ ಹಿಡ್ಕೊಳ್ಳಿ."

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು ಅಂತ ರಟ್ಟಕ್ಕ ಆಮೇಲೆ ಹೇಳುತ್ತಿದ್ದರು. ಭೌತಶಾಸ್ತ್ರದ ಪ್ರೊಫೆಸರೇ ಎದ್ದು ಬಂದು ಪ್ಯಾನಲ್ ಹಿಡಿದರು, ತಮಾಷೆ ಮಾಡಲಿಲ್ಲ. ಇಬ್ಬರೂ ಸೇರಿ ಅದನ್ನು ಮೆಲ್ಲಗೆ ನೆಲಕ್ಕೆ ಮಲಗಿಸಿದರು. ರಿಜಿಸ್ಟ್ರಾರ್ ಕನ್ನಡಕ ಒರೆಸಿಕೊಂಡು, ಮುಂದಿನ ತಿಂಗಳು ಕಂಪನಿಯವರು ತಮ್ಮ ಮಾಲು ತೋರಿಸಲು ಬರುತ್ತಾರೆ, ಅವತ್ತೇ ನೀವೂ ಇನ್ನೊಂದು ಸಲ ತೋರಿಸಿ ಅಂದರು. ಅದು ಕರುಣೆಯೋ ಕಾಯಿದೆಯೋ ಗೊತ್ತಾಗಲಿಲ್ಲ.

ಮುಂದಿನ ಹಲವು ದಿನ ರಟ್ಟಕ್ಕ ಪ್ಯಾನಲ್ಲಿಗೆ ಕಾಲು ಹುಡುಕಿದರು. ಬುಡಕ್ಕೆ ಅಗಲ ಪಟ್ಟಿ ಕೊಟ್ಟರೆ ಅದು ಮುಂದಕ್ಕೆ ಚಾಚಿಕೊಂಡು ನೋಡುವವರನ್ನು ಎಡವಿಸುತ್ತಿತ್ತು. ಭಾರದ ಕಲ್ಲು ಕಟ್ಟಿದರೆ ಪ್ಯಾನಲ್ ಎತ್ತಲು ಇನ್ನೊಬ್ಬರು ಬೇಕಾಗುತ್ತಿತ್ತು. ಮೇಲಿನಿಂದ ಆಸರೆ ಕೊಟ್ಟು ನೋಡಿದರು, ಅದು ಒಣಹಾಕಿದ ಬಟ್ಟೆಯ ಹಾಗೆ ಓಲಾಡಿತು. ಬೀರುವಿನ ಕಡೆ ನೋಡಿದರೆ ಸಿಟ್ಟು ಬರುತ್ತಿತ್ತು. ಒಂದು ಮಧ್ಯಾಹ್ನ ಅದನ್ನು ದೂಕಿ ದೂಕಿ ಬಾಗಿಲಾಚೆ ಹಾಕಿ ಬಂದರು. ಹಾಕಿದ ಮೇಲೆ ಶೆಡ್ ಇನ್ನೂ ದೊಡ್ಡದಾಗಿ ಕಂಡಿತು.

ಕೊನೆಗೆ ಉಳಿಯಣ್ಣನನ್ನು ಕೇಳುವುದೊಂದೇ ದಾರಿ ಅನ್ನಿಸಿತು. ಅಷ್ಟು ವರ್ಷ ಇಬ್ಬರೂ ಸೇರಿ ಎಷ್ಟು ಗೋಡೆ ನಿಲ್ಲಿಸಿಲ್ಲ, ಅವರು ಹಿಡಿಯುತ್ತಿದ್ದರಲ್ಲ, ಹೇಗೆ ಹಿಡಿಯುತ್ತಿದ್ದರು ಅಂತ ಕೇಳಿದರಾಯಿತು. ಆದರೆ ಹೋಗುವುದು ಸುಲಭವಿರಲಿಲ್ಲ. ಅವರ ಮನೆ ಪಟ್ಟಣದ ಆ ತುದಿಯಲ್ಲಿತ್ತು, ಬಸ್ಸಿತ್ತು, ಅದಲ್ಲ ತೊಂದರೆ. ಉಳಿಯಣ್ಣ ನೆಂಟರಲ್ಲ, ನೆರೆಯವರಲ್ಲ. ಅಣ್ಣ ಅಂತ ಕರೆದದ್ದು ಕೆಲಸದ ಅಣ್ಣ. ಕೆಲಸ ಮುಗಿದ ಮೇಲೆ ಯಾವ ನೆಪ ಹೇಳಿಕೊಂಡು ಒಬ್ಬರ ಮನೆ ಬಾಗಿಲು ತಟ್ಟುವುದು? ಅದಕ್ಕೇ ಇಷ್ಟು ದಿನ ಹೋಗಿರಲಿಲ್ಲ. ಈಗ ನೆಪ ಸಿಕ್ಕಿತ್ತು. ನಿಜ ಹೇಳಬೇಕೆಂದರೆ, ಬಸ್ಸಿನಲ್ಲಿ ಕೂತಾಗ ಪ್ಯಾನಲ್ ನಿಲ್ಲದೇ ಹೋದದ್ದಕ್ಕೆ ಅವರಿಗೆ ಒಂದು ಚೂರು ಖುಷಿಯೂ ಆಗಿತ್ತಂತೆ.

ಉಳಿಯಣ್ಣ ಅಂಗಳದಲ್ಲಿ ಒಂದು ಸ್ಟೂಲಿನ ಕಾಲು ಸರಿಮಾಡುತ್ತಾ ಕೂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಕಿವಿಯ ಮೇಲೆ ಪೆನ್ಸಿಲ್ ಇರಲಿಲ್ಲ. ಅವರ ಹೆಂಡತಿ, ಬಾಮ್ಮ, ನಿನ್ನ ಹೆಸರು ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು, ಮುಖ ನೋಡಿದ್ದು ಇವತ್ತೇ ಅಂತ ಟೀ ತಂದುಕೊಟ್ಟರು. ರಟ್ಟಕ್ಕ ನಡೆದದ್ದನ್ನೆಲ್ಲ ಹೇಳಿದರು. ಉಳಿಯಣ್ಣ ಕೇಳಿ ಕಣ್ಣು ಕಿರಿದು ಮಾಡಿದರು.

"ನಾನೆಲ್ಲಮ್ಮ ಹಿಡೀತಿದ್ದೆ? ಎರಡು ಕೈಯಲ್ಲೂ ಸುತ್ತಿಗೆ ಮೊಳೆ ಇರ್ತಿತ್ತು. ಹಿಡೀತಿದ್ದದ್ದು ನೀನು."

"ನಾನಾ? ನಾನು ಗೆರೆ ಸರಿ ಇದೆಯಾ ಅಂತ ನೋಡ್ತಿದ್ದೆ ಅಷ್ಟೆ."

"ನೋಡ್ತಿದ್ದೆ ಸರಿ. ನೋಡೋವಾಗ ಮೊಣಕಾಲು ಎಲ್ಲಿರ್ತಿತ್ತು?"

ಉಳಿಯಣ್ಣ ಎದ್ದು ಹಿತ್ತಲಿನಿಂದ ಹಳೆಯ ಮಂಚದ ಎರಡು ಹಲಗೆ ತಂದರು. ಒಂದನ್ನು ನಿಲ್ಲಿಸಿ, ಹಿಂದೆ ಮಾಡುತ್ತಿದ್ದ ಹಾಗೇ ನಿಂತುಕೋ ಅಂದರು. ರಟ್ಟಕ್ಕ ಅದರ ಹಿಂದೆ ನಿಂತು, ತಲೆ ಓರೆ ಮಾಡಿ ಅಂಚು ನೋಡಿದರು. ಉಳಿಯಣ್ಣ ಇನ್ನೊಂದು ಹಲಗೆ ತಂದು ಮೂಲೆಗೆ ಸೇರಿಸಿದರು. ಎರಡೂ ನಿಂತವು. ಇಬ್ಬರ ಕೈಗಳೂ ಬಿಡುವಾಗಿಯೇ ಇದ್ದವು. ರಟ್ಟಕ್ಕ ಬಗ್ಗಿ ನೋಡಿಕೊಂಡರೆ, ತಮ್ಮ ಬಲಮೊಣಕಾಲು ಮಡಚಿಕೊಂಡು ಹಲಗೆಯ ಬೆನ್ನಿಗೆ ಒತ್ತಿಕೊಂಡಿತ್ತು. ಹಲಗೆಯ ಆ ಕಡೆ ಉಳಿಯಣ್ಣನ ಮೊಣಕಾಲು. ಇಷ್ಟು ವರ್ಷ ಅವರು ಹಿಡಿದಿದ್ದಾರೆ ಅಂತ ಇವರು, ಇವರು ಹಿಡಿದಿದ್ದಾರೆ ಅಂತ ಅವರು ಅಂದುಕೊಂಡಿದ್ದರು.

"ಸಂಬಳ ಕೊಟ್ಟದ್ದು ಕೈಗೆ, ಕೆಲಸ ಮಾಡಿದ್ದು ಮೊಣಕಾಲು," ಅಂದರು ಉಳಿಯಣ್ಣ. ಅವರ ಹೆಂಡತಿ, ಅದಕ್ಕೇ ಈಗ ಮೊಣಕಾಲು ನೋವು ಅಂತ ಮೂರುಹೊತ್ತೂ ಎಣ್ಣೆ ತಿಕ್ಕಿಸಿಕೊಳ್ಳೋದು ಅಂದರು. ಮೂವರೂ ಚೆನ್ನಾಗಿ ನಕ್ಕರು. ಆ ನಗುವಿನ ಮಧ್ಯೆಯೇ ರಟ್ಟಕ್ಕನ ಕೈ ಟೀ ಪುಡಿಯ ಖಾಲಿ ಪೊಟ್ಟಣ ಹುಡುಕಿಕೊಂಡಿತು. ಮಡಚಿದರು. ಪ್ಯಾನಲ್ಲಿನ ಬೆನ್ನಿಗೆ, ಮೊಣಕಾಲೆತ್ತರಕ್ಕೆ, ಒಂದು ಸಣ್ಣ ರೆಕ್ಕೆ. ಕೀಲಿನ ಮೇಲೆ ತಿರುಗುತ್ತದೆ, ನೆಲದವರೆಗೂ ಬರುತ್ತದೆ. ತೆರೆದರೆ ಪ್ಯಾನಲ್ ಒಂಟಿಯಾಗಿಯೇ ನಿಲ್ಲುತ್ತದೆ. ಎರಡನೆಯದು ಕೊಕ್ಕೆಗೆ ಬಿದ್ದ ಮೇಲೆ ಒತ್ತಿದರೆ ಚೌಕಟ್ಟಿನೊಳಗೆ ಹೋಗಿ ಮಲಗುತ್ತದೆ, ಎಡವಲು ಏನೂ ಉಳಿಯುವುದಿಲ್ಲ.

ಹೊರಡುವಾಗ ಉಳಿಯಣ್ಣ ಗೇಟಿನ ತನಕ ಬಂದರು. "ಮತ್ತೆ ಏನಾದ್ರೂ ಕೆಟ್ರೆ ಬಾಮ್ಮ," ಅಂದರು. ಪ್ರೀತಿಯಿಂದಲೇ ಅಂದರು.

ಎರಡನೆಯ ಸಲ ಅದೇ ಸಭಾಂಗಣ, ಅದೇ ನುಣ್ಣನೆಯ ನೆಲ. ಕಂಪನಿಯವರ ಅಲ್ಯೂಮಿನಿಯಂ ಸ್ಟಾಲ್ ಮಿರಮಿರ ಮಿಂಚುತ್ತಾ ಒಂದು ಕಡೆ ನಿಂತಿತ್ತು, ಚೆನ್ನಾಗಿಯೇ ಇತ್ತು. ರಟ್ಟಕ್ಕ ಈ ಸಲ ತಾವು ಮುಟ್ಟಲಿಲ್ಲ. ರಿಜಿಸ್ಟ್ರಾರ್ ಕಚೇರಿಯ ಟೈಪಿಸ್ಟ್ ಅಮ್ಮನನ್ನು ಕರೆದು, ರೆಕ್ಕೆ ತೆರೆಯಿರಿ, ಕೊಕ್ಕೆ ಹಾಕಿ, ರೆಕ್ಕೆ ಮುಚ್ಚಿ ಅಂತ ಮೂರು ಮಾತು ಹೇಳಿ ದೂರ ನಿಂತರು. ಅಮ್ಮ ಚಪ್ಪಲಿ ಬಿಟ್ಟು, ದೇವರ ಮನೆಗೆ ಹೋದ ಹಾಗೆ ಹೋಗಿ ಮೊದಲನೆಯದನ್ನು ನಿಲ್ಲಿಸಿದರು. ನಿಂತಿತು. ಎರಡನೆಯದನ್ನು ತಂದರು, ಮೂರನೆಯದನ್ನು ತಂದರು. ಶೆಲ್ಫ್ ತಗುಲಿಸಿದರು. ಕೊನೆಗೆ ಒಂದು ಹೆಜ್ಜೆ ಹಿಂದೆ ಸರಿದು ನೋಡಿ, ಇಷ್ಟೇನಾ ಅಂದರು. ಶೆಡ್ ಉಳಿದದ್ದು ಆ ಮಾತಿನಿಂದ. ಕಂಪನಿಯವರು ತಮ್ಮದನ್ನು ಬಿಚ್ಚಿಕೊಂಡು ಹೋದರು. ರಟ್ಟಕ್ಕ ಪರೀಕ್ಷಾ ವಿಭಾಗಕ್ಕೆ ಹೋಗಬೇಕಾಗಲಿಲ್ಲ.

ಪ್ಯಾನಲ್ಲುಗಳೆಲ್ಲ ತಯಾರಾದವು, ಶೆಡ್ಡಿನ ಗೋಡೆಗುಂಟ ಪುಸ್ತಕದ ಹಾಗೆ ಒತ್ತೊತ್ತಾಗಿ ನಿಂತವು. ಆಮೇಲೆ ಬಂತು ವಿಜ್ಞಾನ ಸಪ್ತಾಹ.

ಹಿಂದಿನ ದಿನ ರಟ್ಟಕ್ಕ ಬೇಗ ಬಂದು ಬಾಗಿಲು ತೆರೆದು ಕೂತರು. ವಿಭಾಗಕ್ಕೆ ಒಬ್ಬರಂತೆ ಬಂದರು. ಬಂದವರು ತಳ್ಳುಗಾಡಿಯ ಮೇಲೆ ತಮಗೆ ಬೇಕಾದಷ್ಟು ಪ್ಯಾನಲ್ ಇಟ್ಟುಕೊಂಡರು, ಥ್ಯಾಂಕ್ಸ್ ಅಕ್ಕ ಅಂದರು, ಹೋದರು. ಯಾರೂ ಕೂರಲಿಲ್ಲ. ನಮ್ಮದು ಎಲ್ಲಿ ಅಂತ ಯಾರೂ ಕೂಗಾಡಲಿಲ್ಲ, ಕೂಗಾಡಲು ಕಾರಣವೇ ಇರಲಿಲ್ಲ. ಬಣ್ಣದ ಡಬ್ಬಿ ತೆರೆಯಲಿಲ್ಲ, ಟೀ ಚೆಲ್ಲಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಶೆಡ್ ಖಾಲಿ. ಏನಾದರೂ ಸಿಕ್ಕಿಕೊಂಡರೆ ಕರೆಯುತ್ತಾರೆ ಅಂತ ಸುತ್ತಿಗೆ, ಸ್ಕ್ರೂಡ್ರೈವರ್ ಎಲ್ಲ ಚೀಲಕ್ಕೆ ತುಂಬಿಕೊಂಡು ಸಂಜೆಯವರೆಗೂ ಕಾದರು. ಏನೂ ಸಿಕ್ಕಿಕೊಳ್ಳಲಿಲ್ಲ. ಅಷ್ಟು ಚೆನ್ನಾಗಿ ಮಾಡಿದ್ದರು.

ಪ್ರದರ್ಶನದ ದಿನ ಚೀಲ ಹೆಗಲಿಗೆ ಹಾಕಿಕೊಂಡೇ ಸಭಾಂಗಣಕ್ಕೆ ಬಂದರು. ಬೂದಿ ಬಣ್ಣದ ಗೋಡೆಗಳು ಸಾಲುಸಾಲಾಗಿ ನಿಂತಿದ್ದವು. ಯಾವುದೂ ಓರೆಯಿಲ್ಲ, ಎಲ್ಲೂ ಸಂದಿಲ್ಲ. ಅಭ್ಯಾಸಬಲದಿಂದ ರಸಾಯನಶಾಸ್ತ್ರದ ಸ್ಟಾಲಿನ ಅಂಚಿಗೆ ಕೈಯಿಟ್ಟು ಅಲ್ಲಾಡಿಸಿ ನೋಡಿದರು. ಅಲ್ಲಿ ಹೊಸದಾಗಿ ಸೇರಿದ ಮೇಷ್ಟ್ರೊಬ್ಬರು ನಿಂತಿದ್ದರು, ಅವರಿಗೆ ಇವರು ಯಾರೆಂದು ಗೊತ್ತಿಲ್ಲ. ದಯವಿಟ್ಟು ಮುಟ್ಟಬೇಡಿ ಮೇಡಂ, ಈಗ ತಾನೆ ನಿಲ್ಲಿಸಿದ್ದೀನಿ, ನೋಡಿ ಅಂದರು. ರಟ್ಟಕ್ಕ ಕೈ ಹಿಂದಕ್ಕೆ ತೆಗೆದುಕೊಂಡರು. ನಾನೇ ಮಾಡಿದ್ದು ಅನ್ನಲಿಲ್ಲ. ಮೇಷ್ಟ್ರು ನೋಡಿ ಅಂದಿದ್ದರಲ್ಲ, ಅದಕ್ಕೆ ನೋಡತೊಡಗಿದರು. ಅಂಚನ್ನಲ್ಲ, ಕೊಕ್ಕೆಯನ್ನಲ್ಲ, ಪ್ಯಾನಲ್ಲಿಗೆ ಅಂಟಿಸಿದ್ದ ಹಾಳೆಗಳನ್ನು. ಸೋಪಿನ ನೊರೆ ಯಾಕೆ ಉಂಟಾಗುತ್ತದೆ ಅಂತ ಏನೋ ಬರೆದಿತ್ತು.

ಇಷ್ಟು ವರ್ಷದಲ್ಲಿ ಅವರು ಒಂದು ಪ್ರದರ್ಶನವನ್ನೂ ಓದಿರಲಿಲ್ಲ. ಹಿಂದೆಲ್ಲ ಉದ್ಘಾಟನೆಯ ಗಂಟೆ ಹೊಡೆಯುವಾಗ ಅವರೂ ಉಳಿಯಣ್ಣನೂ ಯಾವುದೋ ಸ್ಟಾಲಿನ ಹಿಂದೆ ಕೊನೆಯ ಮೊಳೆ ಹೊಡೆಯುತ್ತಾ ಇರುತ್ತಿದ್ದರು. ಆಮೇಲೆ ಬರುವುದು ಕೀಳುವುದಕ್ಕೇ.

ನಮ್ಮ ಪ್ರಾಣಿಶಾಸ್ತ್ರದ ಸ್ಟಾಲಿಗೆ ಬಂದಾಗ ಮಧ್ಯಾಹ್ನ ದಾಟಿತ್ತು. ನಮ್ಮದು ನೊಣಗಳ ಬಗ್ಗೆ, ಜನ ಮೂಗು ಮುಚ್ಚಿಕೊಂಡು ಮುಂದೆ ಹೋಗುವ ಸ್ಟಾಲ್. ರಟ್ಟಕ್ಕ ಚೀಲ ಕೆಳಗಿಟ್ಟು, ತುಟಿ ಅಲ್ಲಾಡಿಸುತ್ತಾ ಒಂದೊಂದು ಸಾಲನ್ನೂ ಓದಿದರು. ಅರ್ಥವಾಗದ್ದನ್ನು ಕೇಳಿದರು, ಹೇಳಿದೆವು. ನಿಮ್ಮ ಪ್ಯಾನಲ್ ತುಂಬಾ ಚೆನ್ನಾಗಿದೆ ಅಕ್ಕ, ನಾನೊಬ್ಬಳೇ ನಿಲ್ಲಿಸಿದೆ ಅಂತ ನಾನು ಉತ್ಸಾಹದಿಂದ ಹೇಳಿದೆ. ಹೌದಾ, ಒಬ್ಬಳೇನಾ ಅಂದರು. ಮತ್ತೆ ನೊಣದ ರೆಕ್ಕೆಯ ಚಿತ್ರದ ಕಡೆ ತಿರುಗಿದರು.

ಸಂಜೆ ಜನ ಕರಗಿದರು. ಕಾವಲಿನವರು ಆ ತುದಿಯಿಂದ ಒಂದೊಂದೇ ದೀಪ ಆರಿಸುತ್ತಾ ಬಂದರು, ರಟ್ಟಕ್ಕನನ್ನು ಕಂಡು ನಿಂತರು.

"ಇನ್ನೂ ಇಲ್ಲೇ ಇದೀರಾ? ನಿಮ್ ಕೆಲಸ ನೆನ್ನೇನೇ ಮುಗೀತಲ್ಲ."

"ಮುಗೀತು. ಓದ್ತಾ ಇದೀನಿ. ಇನ್ನೂ ಆ ಸಾಲು ಪೂರ್ತಿ ಬಾಕಿ ಇದೆ."

ನಾಳೆನೂ ಇರುತ್ತೆ, ನಾಳೆ ಬನ್ನಿ ಅಂದರು ಕಾವಲಿನವರು. ಬರ್ತೀನಿ ಅಂದರು ರಟ್ಟಕ್ಕ. ಅಂದರೂ ಕದಲಲಿಲ್ಲ. ಕಾವಲಿನವರು ಒಂದು ಗಳಿಗೆ ಬೀಗದ ಕೈ ಆಡಿಸುತ್ತಾ ನಿಂತು, ಆ ಸಾಲಿನ ಮೇಲಿನ ದೀಪವೊಂದನ್ನು ಹಾಗೇ ಬಿಟ್ಟು, ಬಾಗಿಲ ಹತ್ತಿರ ಹೋಗಿ ಸ್ಟೂಲಿನ ಮೇಲೆ ಕೂತರು. ರಟ್ಟಕ್ಕ ಮುಂದಿನ ಸ್ಟಾಲಿಗೆ ಹೋಗಿ ಮೊದಲ ಸಾಲಿನಿಂದ ಓದಲು ಶುರು ಮಾಡಿದರು.